ನ್ಯೆರೆರೆ ಮೇಷ್ಟ್ರ ಹಳ್ಳಿಗಳು ಏಕೆ ಸೋತವು?

ಪ್ರಶ್ನೆ: ತೀರ್ಥಹಳ್ಳಿಯ ಓದುಗ

ನಮ್ಮೂರಿನ ಓದುಗರ ಬಳಗದಲ್ಲಿ ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರ ಕುರಿತು ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. ಭಾರತ ಸರ್ಕಾರದ ಗಾಂಧಿ ಶಾಂತಿ ಪ್ರಶಸ್ತಿಯನ್ನು 1995ರಲ್ಲಿ ಮೊಟ್ಟಮೊದಲು ಪಡೆದವರು ಅವರು. 1970ರ ದಶಕದಲ್ಲಿ ಲಕ್ಷಾಂತರ ರೈತರನ್ನು ಮನೆಗಳಿಂದ ಎಬ್ಬಿಸಿದ ಸರ್ಕಾರವೂ ಅವರದೇ. ಇವೆರಡನ್ನೂ ಒಟ್ಟಿಗೆ ಹೇಗೆ ಅರ್ಥ ಮಾಡಿಕೊಳ್ಳಬೇಕು?

ಉತ್ತರ: ಸಾಗರದ ನಿವೃತ್ತ ಶಿಕ್ಷಕ

ಅವರ ದೇಶದವರು ಅವರನ್ನು ಕರೆಯುವುದು 'ಮ್ವಾಲಿಮು' ಎಂದು, ಅಂದರೆ ನಮ್ಮ ಮಾತಿನಲ್ಲಿ ಮೇಷ್ಟ್ರು. ಎಡಿನ್‌ಬರೋದಲ್ಲಿ ಓದಿ ಬಂದು, ಶಾಲೆಯಲ್ಲಿ ಪಾಠ ಹೇಳುತ್ತಲೇ 1954ರಲ್ಲಿ ಟಾನು ಪಕ್ಷವನ್ನು ಕಟ್ಟಿ, 1961ರ ಡಿಸೆಂಬರ್ 9ರಂದು ಟಾಂಗನಿಕಾಕ್ಕೆ (ಮುಂದೆ ಜಾಂಜಿಬಾರ್ ಜತೆ ಸೇರಿ ತಾಂಜಾನಿಯಾ ಆದ ನಾಡು) ಸ್ವಾತಂತ್ರ್ಯ ಬಂದಾಗ ಪ್ರಧಾನಿಯಾಗಿದ್ದವರು ಅವರು. ನೂರಕ್ಕೂ ಹೆಚ್ಚು ಬುಡಕಟ್ಟುಗಳ ನಾಡನ್ನು ಸ್ವಾಹಿಲಿ ಭಾಷೆಯಿಂದ ಹೊಲಿದರು. ಶೇಕ್ಸ್‌ಪಿಯರನ ಎರಡು ನಾಟಕಗಳನ್ನು ತಾವೇ ಆ ಭಾಷೆಗೆ ಅನುವಾದಿಸಿದರು. ಸಮಾಜವಾದಿ ನೀತಿಯನ್ನು ಸಾರಿದ 1967ರ ಅರುಷಾ ಘೋಷಣೆಯು ಪಕ್ಷದ ಮುಖಂಡರು ಬಾಡಿಗೆ ಮನೆ ಕಟ್ಟಿ ಗಳಿಸುವುದನ್ನೂ ನಿಷೇಧಿಸಿತು. (ಇಂಥ ನಿಯಮ ನಮ್ಮಲ್ಲಿ ಬಂದರೆ ಎಷ್ಟು ಮಂದಿ ಉಳಿದಾರು?)

ಉತ್ತರ: ಹೊಸನಗರದ ಅಡಿಕೆ ಬೆಳೆಗಾರ

ಶಿಕ್ಷಕರು ಹೇಳಿದ್ದೆಲ್ಲ ಸರಿ, ಆದರೆ ಪ್ರಶ್ನೆಯಿರುವುದು ಹಳ್ಳಿಗಳ ಬಗ್ಗೆ. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ ಬಿಟ್ಟೆದ್ದ ಕುಟುಂಬದವನಾದ ನನಗೆ ಅಲ್ಲಿಯ ತಪ್ಪು ಬೇಗ ಅರ್ಥವಾಗುತ್ತದೆ. ನಮ್ಮಂತೆಯೇ ಚದುರಿದ ಒಂಟಿಮನೆಗಳಲ್ಲಿದ್ದವರನ್ನು ಒಂದೆಡೆ ಸೇರಿಸಿದರೆ ಶಾಲೆ, ಆಸ್ಪತ್ರೆ, ನೀರು ಒದಗಿಸುವುದು ಸುಲಭ ಎಂಬ 'ಉಜಮಾ'ದ (ಒಂದೇ ಕುಟುಂಬದಂತೆ ಕೂಡಿ ಬಾಳುವ ಹಳ್ಳಿಗಳ ಯೋಜನೆ) ಲೆಕ್ಕಾಚಾರ ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಮನೆಗೂ ಹೊಲಕ್ಕೂ ದೂರ ಹೆಚ್ಚಿದರೆ ಗೊಬ್ಬರ ಹೊರುವವರು ಯಾರು, ಕಾಡುಹಂದಿಯಿಂದ ಬೆಳೆ ಕಾಯುವವರು ಯಾರು? ರುವುಮಾ ಪ್ರದೇಶದಲ್ಲಿ ರೈತರೇ ಮನಸಾರೆ ಕಟ್ಟಿಕೊಂಡಿದ್ದ ಹಳ್ಳಿಗಳ ಸಂಘವನ್ನು 1969ರಲ್ಲಿ ಪಕ್ಷವೇ ವಿಸರ್ಜಿಸಿತು. 1973ರಿಂದ ಸ್ಥಳಾಂತರ ಕಡ್ಡಾಯವಾಯಿತು. ಕಿಲಿಮಂಜಾರೋ ತಪ್ಪಲಿನ ಕಾಫಿ ಬೆಳೆಗಾರರಿಗೆ ಅದು ಅಷ್ಟಾಗಿ ತಟ್ಟಲಿಲ್ಲ, ಆದರೆ 1976ರಲ್ಲಿ ಅವರ ಸಹಕಾರ ಒಕ್ಕೂಟವೂ ರದ್ದಾಯಿತು. ನಮ್ಮ ಅಡಿಕೆ ಮಾರಾಟ ಸಹಕಾರ ಸಂಘವನ್ನು ಒಂದು ಆದೇಶದಿಂದ ಮುಚ್ಚಿದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

ಉತ್ತರ: ಸಾಗರದ ನಿವೃತ್ತ ಶಿಕ್ಷಕ

ಒಪ್ಪುತ್ತೇನೆ. 1965ರಿಂದ ಒಂದೇ ಪಕ್ಷವಿದ್ದುದರಿಂದ 'ಇದು ತಪ್ಪು, ಮೇಷ್ಟ್ರೇ' ಎಂದು ಗಟ್ಟಿಯಾಗಿ ಹೇಳುವ ವಿರೋಧ ಪಕ್ಷ ಅಲ್ಲಿರಲಿಲ್ಲ. 1985ರಲ್ಲಿ ಅವರು ತಾವಾಗಿಯೇ ಅಧ್ಯಕ್ಷ ಪದವಿಯಿಂದ ಇಳಿದರು. ಏಕಪಕ್ಷ ವ್ಯವಸ್ಥೆಯನ್ನು ಮರುಚಿಂತಿಸಬೇಕೆಂದು 1990ರಲ್ಲಿ ಹೇಳಿದವರಲ್ಲಿ ಅವರೂ ಒಬ್ಬರು; ಎರಡು ವರ್ಷಗಳಲ್ಲಿ ಬಹುಪಕ್ಷ ಪದ್ಧತಿ ಮರಳಿತು.