ಕ್ರಿಯಾಟಿನಿನ್ ನಾರ್ಮಲ್ ಇದೆ, ಆದರೂ ಮೂತ್ರದಲ್ಲಿ ನೊರೆ ಯಾಕೆ?

ಪ್ರಶ್ನೆ (ಮದ್ದೂರು): ಡಾಕ್ಟ್ರೇ, ನಮ್ಮಪ್ಪನಿಗೆ 58 ವರ್ಷ, ಶುಗರ್ ಬಂದು 12 ವರ್ಷ ಆಯಿತು. ಈಗಲೂ ಕಬ್ಬಿನ ಗದ್ದೆಗೆ ಹೋಗುತ್ತಾರೆ. ಈಚೆಗೆ ಮೂತ್ರದಲ್ಲಿ ನೊರೆ ಬರುತ್ತಿದೆ, ನೀರು ಹುಯ್ದರೂ ಹೋಗುವುದಿಲ್ಲ. ಸಂಜೆಗೆ ಪಾದ ಊದಿ ಚಪ್ಪಲಿ ಪಟ್ಟಿಯ ಗುರುತು ಬೀಳುತ್ತದೆ. ಕಿಡ್ನಿ ಹೇಗಿದೆ ಎಂದು ನೋಡುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.1, ನಾರ್ಮಲ್ ಅಂದರು. ಸುಮ್ನೆ ಗಾಬರಿಯಾಗುತ್ತಿದ್ದೇವಾ? ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾರೆ.

ಉತ್ತರ: ಗಾಬರಿ ಬೇಡ, ಆದರೆ ತಡ ಮಾಡಬೇಡಿ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಜರಡಿಗಳಿವೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಅವು ಹಾಳಾಗಿ, ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ನೊರೆ ಅದರದ್ದೇ ಇರಬಹುದು. ಕ್ರಿಯಾಟಿನಿನ್ ಏರುವುದು ತಡವಾಗಿ. ಕಿಡ್ನಿಯ ಅರ್ಧ ಶಕ್ತಿ ಹೋಗುವವರೆಗೂ ಅದು ನಾರ್ಮಲ್ ಎಂದೇ ತೋರಿಸಬಹುದು! ಎಷ್ಟೋ ಮನೆಯವರು ಇಲ್ಲೇ ಮೋಸಹೋಗುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೆಳಗಿನ ಮೊದಲ ಮೂತ್ರ ಕೊಟ್ಟು ಎಸಿಆರ್ ಪರೀಕ್ಷೆ (ಮೂತ್ರದಲ್ಲಿ ಅಲ್ಬುಮಿನ್ ಎಷ್ಟು ಸೋರುತ್ತಿದೆ ಎಂದು ತೋರಿಸುವುದು) ಮಾಡಿಸಿ. 30 mg/gಗಿಂತ ಒಳಗಿದ್ದರೆ ಸರಿ. ದಾಟಿದ್ದರೆ ಇನ್ನೊಮ್ಮೆ ಮಾಡಿಸಬೇಕು, ಯಾಕೆಂದರೆ ಜ್ವರ, ಮೂತ್ರದ ಸೋಂಕು ಇದ್ದಾಗಲೂ ಏರುತ್ತದೆ. ಈ ಹಂತದಲ್ಲಿ ಸಿಕ್ಕರೆ ಮಾತ್ರೆಯಿಂದ ಸೋರಿಕೆ ಕಡಿಮೆ ಮಾಡಬಹುದು. ಬಿಪಿಯೂ ಹತೋಟಿಯಲ್ಲಿರಬೇಕು. ಪಾದದ ಊತಕ್ಕೆ ಹೃದಯವೋ ಅಮ್ಲೋಡಿಪಿನ್‌ನಂಥ ಬಿಪಿ ಮಾತ್ರೆಯೋ ಕಾರಣವಿರಬಹುದು, ಡಾಕ್ಟರಿಗೆ ತೋರಿಸಿ.

ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ.

ಬರಿಗಾಲಲ್ಲಿ ಗದ್ದೆಗೆ ಇಳಿಯುತ್ತಾರಾ? ಶುಗರ್‌ನಿಂದ ನರ ಸೊರಗಿದ್ದರೆ ಕಬ್ಬಿನ ಕೂಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ರಾತ್ರಿ ಕಾಲು ತೊಳೆದು, ಬೆರಳ ಸಂದು, ಅಂಗಾಲು ನೀವೇ ನೋಡಿ. ಕಣ್ಣಿನ ರೆಟಿನಾ ಪರೀಕ್ಷೆ ವರ್ಷಕ್ಕೊಮ್ಮೆ.

ಪ್ರಶ್ನೆ (ಮೈಸೂರು): ನಮ್ಮತ್ತೆ 20 ವರ್ಷದಿಂದ ಶುಗರ್ ಪೇಷೆಂಟು. ಈಗ ಊಟ, ಇನ್ಸುಲಿನ್ ಎಲ್ಲ ಮೊದಲಿನಷ್ಟೇ, ಆದರೂ ಶುಗರ್ ತಾನಾಗಿಯೇ ಇಳಿಯುತ್ತಿದೆ. ವಾಸಿಯಾಗುತ್ತಿದೆ ಅಲ್ವಾ ಸರ್?

ಉತ್ತರ: ಇಲ್ಲಮ್ಮ, ಹಾಗೆ ಅಂದುಕೊಳ್ಳಬೇಡಿ. ಇನ್ಸುಲಿನ್ ಅನ್ನು ದೇಹದಿಂದ ತೆಗೆಯುವುದರಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಸೋತರೆ ಹಾಕಿದ ಇನ್ಸುಲಿನ್ ಹೆಚ್ಚು ಹೊತ್ತು ಉಳಿದು ಶುಗರ್ ಇಳಿಸುತ್ತದೆ. ಈ ವಾರವೇ ಕ್ರಿಯಾಟಿನಿನ್, ಎಸಿಆರ್ ಮಾಡಿಸಿ, ಡೋಸ್ ಎಷ್ಟಿರಬೇಕು ಎಂದು ಅವರ ಡಾಕ್ಟರ್ ಹತ್ತಿರ ಕೇಳಿ. ಪೂರ್ತಿ ನಿಲ್ಲಿಸಬೇಡಿ. ಮೈ ಬೆವೆತು ಕೈ ನಡುಗಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.