ಮಗಳಿಗೆ 33, ಕುವೈತ್‌ನಲ್ಲಿ ಡ್ಯೂಟಿ ಮಾಡಿದ್ದಾಳೆ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಈಗಲೇ ಮಾಡಿಸಬೇಕಾ?

ಡಲ್ಲಾಸ್ ಅಮ್ಮ:
ಮಗಳು ಅಮೆರಿಕದ ಸೈನ್ಯದಲ್ಲಿ ಆರು ವರ್ಷ ಇದ್ದಳು. ಅದರಲ್ಲಿ ಒಂಬತ್ತು ತಿಂಗಳು ಕುವೈತ್. 2022ರ ಸರ್ವಿಸ್ ಆಕ್ಟ್ ಅನ್ನೋ ಕಾನೂನು ಬಂದ ಮೇಲೆ, ವಿಷದ ಹೊಗೆಯಂಥದ್ದು ಇದ್ದ ಕಡೆ ಡ್ಯೂಟಿ ಮಾಡಿದವರಿಗೆ, ವಯಸ್ಸು ಎಷ್ಟೇ ಇರಲಿ, ಲಕ್ಷಣ, ಮನೆತನದ ಕಾಯಿಲೆ ಇರಲಿ ಬಿಡಲಿ, ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಸ್ತನ ಕ್ಯಾನ್ಸರ್ ರಿಸ್ಕ್ ಲೆಕ್ಕ ಹಾಕಿಕೊಡುತ್ತೆ. ಬೇಕು ಅನ್ನಿಸಿದರೆ ಮ್ಯಾಮೊಗ್ರಾಮ್. ಅವಳು "ಅಮ್ಮಾ, 40 ಆಗಲಿ ಬಿಡು" ಅಂತಾಳೆ. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಹಾಸನದ ಹುಡುಗಿ, ವರ್ಜೀನಿಯಾ:
ನಾನು 2008ರಲ್ಲಿ ಇರಾಕ್‌ನ ಬಲಾದ್‌ನಲ್ಲಿದ್ದೆ. ಅಲ್ಲಿ ಬರ್ನ್ ಪಿಟ್, ಅಂದರೆ ಕಸ ಸುಡುವ ಬಯಲು ಗುಂಡಿ, ಹಗಲು ರಾತ್ರಿ ಉರಿಯುತ್ತಿತ್ತು. ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆ ಕಸ, ಎಲ್ಲದರ ಮೇಲೂ ವಿಮಾನದ ಇಂಧನ ಸುರಿದು ಸುಡುತ್ತಿದ್ದರು. ಒಣಗಲು ಹಾಕಿದ ಸಾಕ್ಸ್ ಮೇಲೆ ಬೂದಿ ಕೂತಿರುತ್ತಿತ್ತು. ಕೊಡವಿ ಹಾಕಿಕೊಳ್ಳುತ್ತಿದ್ದೆ.

2023ರಲ್ಲಿ, 36ಕ್ಕೆ, ಮ್ಯಾಮೊಗ್ರಾಮ್ ಮಾಡಿಸಿದೆ. ಬೈ-ರಾಡ್ಸ್ (ಸ್ತನ ಸ್ಕ್ಯಾನ್‌ಗೆ ಕೊಡುವ ಅಂಕ) 0 ಬಂತು, ಅಂದರೆ ಇನ್ನೂ ಚಿತ್ರ ಬೇಕು ಅಂತ. ಮತ್ತೆ ಕರೆದರು, ಆಗ 4 ಬಂತು, ಅಂದರೆ ಅನುಮಾನ ಇದೆ, ಚೂರು ತೆಗೆದು ಪರೀಕ್ಷಿಸಿ (ಬಯಾಪ್ಸಿ) ಅಂತ. ಬಯಾಪ್ಸಿಗೆ ಹೋಗಿ ಬರಲು 224 ಮೈಲಿ. ಸೇವೆಯಲ್ಲಾದ ತೊಂದರೆಗೆ ವಿಎ ಕೊಟ್ಟ 40% ರೇಟಿಂಗ್ ನನಗೆ ಇದೆ, ಅದಕ್ಕೆ ಪ್ರಯಾಣದ ಖರ್ಚು ಮೈಲಿಗೆ 41.5 ಸೆಂಟ್‌ನಂತೆ 92 ಡಾಲರ್ 96 ಸೆಂಟ್ ಲೆಕ್ಕ. ಹೋಗುವಾಗ 3, ಬರುವಾಗ 3 ಹಿಡಿದುಕೊಂಡು 86.96 ಕೊಟ್ಟರು. ಮೂರು ವಾರ ಆದ ಮೇಲೆ ಹೊರಗಿನ ಸ್ಕ್ಯಾನಿಂಗ್ ಸೆಂಟರ್‌ನಿಂದ 1,870 ಡಾಲರ್ ಬಿಲ್ ಬಂತು. ವಿಎ ಅನುಮತಿ ಪತ್ರದಲ್ಲಿ ಸ್ಕ್ರೀನಿಂಗ್ (ಮಾಮೂಲಿ ತಪಾಸಣೆ) ಅಂತ ಇತ್ತಂತೆ, ಅವರು ಮಾಡಿದ್ದು ಡಯಾಗ್ನೋಸ್ಟಿಕ್ (ಅನುಮಾನ ಬಂದ ಮೇಲಿನ ಪರೀಕ್ಷೆ) ಅಂತೆ. 14 ಫೋನ್, ಐದು ತಿಂಗಳು. ಕೊನೆಗೆ ಬಿಲ್ ಸೊನ್ನೆ ಆಯಿತು. ಅಷ್ಟರಲ್ಲಿ ವಸೂಲಿಯವರು ಗಂಡನ ಆಫೀಸಿಗೇ ಫೋನ್ ಮಾಡಿಬಿಟ್ಟಿದ್ದರು.

ರಿಸಲ್ಟ್: ಡಿಸಿಐಎಸ್ (ಹಾಲಿನ ನಾಳದೊಳಗೇ ಇರುವ, ಇನ್ನೂ ಹರಡದ ಕ್ಯಾನ್ಸರ್), ಗ್ರೇಡ್ 3 ಅಂದರೆ ಜೋರಿನ ಬಗೆ, 11 ಮಿಲಿಮೀಟರ್. ಕೈಗೆ ಸಿಗುವಂಥದ್ದೇ ಅಲ್ಲ. ಲಂಪೆಕ್ಟಮಿ (ಅಷ್ಟು ಭಾಗ ಮಾತ್ರ ತೆಗೆಯುವ ಆಪರೇಷನ್), 16 ದಿನ ರೇಡಿಯೇಷನ್. ಈಗ ಮಗನನ್ನು ಸ್ಕೂಲಿಗೆ ಬಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. 40 ಆಗಲಿ ಅಂತ ಕೂತಿದ್ದರೆ?

ಮಿಷಿಗನ್ ನೇವಿ:
ಎಲ್ಲರ ಕಥೆ ಹಾಗೆ ಮುಗಿಯಲ್ಲ. ನಾನು ಬಹ್ರೇನ್‌ನಲ್ಲಿದ್ದವಳು. 34ಕ್ಕೆ ಹೋದೆ. ಡೆನ್ಸ್ ಬ್ರೆಸ್ಟ್ (ಒತ್ತಾದ ಸ್ತನ), ಫಿಲ್ಮ್ ಪೂರ್ತಿ ಬಿಳಿ, ಏನೂ ಸರಿಯಾಗಿ ಕಾಣಲ್ಲ. ಎರಡು ಅಲ್ಟ್ರಾಸೌಂಡ್, ಒಂದು ಎಂಆರ್‌ಐ, ಎರಡು ಬಯಾಪ್ಸಿ. ಏನೂ ಇರಲಿಲ್ಲ. ಏಳು ತಿಂಗಳು ಬೇಕಾಯಿತು ಆ "ಏನೂ ಇಲ್ಲ" ಕೇಳಿಸಿಕೊಳ್ಳಲು. ಬಯಾಪ್ಸಿ ಮಾಡಿದ ಜಾಗದ ಗುರುತಿಗೆ ಇಟ್ಟ ಎಳ್ಳಿನಷ್ಟು ಕ್ಲಿಪ್ ಎಡಗಡೆ ಒಳಗೇ ಇದೆ. ಆ ವರ್ಷ ಮಗು ಬೇಡ ಅಂತ ಮುಂದೂಡಿದೆವು. ಆಮೇಲೆ ಆಗಲೇ ಇಲ್ಲ. ಈ ಲೆಕ್ಕ ಯಾವ ಕಾನೂನಿನಲ್ಲಿ ಬರುತ್ತೆ?

ಎಲ್ಲರಿಗೂ ಮ್ಯಾಮೊಗ್ರಾಮ್ ಮಾಡಿ ಅಂತ ಆ ಕಾನೂನು ಹೇಳಿಲ್ಲ. ಮೊದಲು ರಿಸ್ಕ್ ಲೆಕ್ಕ. ಜನ ಅದನ್ನು ಬಿಟ್ಟು ನೇರ ಮೆಷಿನ್ ಹತ್ತಿರ ಓಡುತ್ತಾರೆ.

ಹಾಸನದ ಹುಡುಗಿ, ವರ್ಜೀನಿಯಾ:
ನಾನು ಓಡಿದ್ದಕ್ಕೇ ಉಳಿದೆ. ಆ ಕಾನೂನು ಯಾರ ಹೆಸರಲ್ಲಿದೆ ಗೊತ್ತಲ್ವಾ? ಕೇಟ್ ಹೆಂಡ್ರಿಕ್ಸ್ ಥಾಮಸ್. ಅಮೆರಿಕದ ಮರೀನ್ ಸೈನಿಕರು. 2005ರಲ್ಲಿ ಇರಾಕ್‌ನ ಫಲೂಜಾದಲ್ಲಿದ್ದರು. 2018ರಲ್ಲಿ, 38ಕ್ಕೆ, ಸ್ತನ ಕ್ಯಾನ್ಸರ್ ಗೊತ್ತಾಗುವಾಗಲೇ ಸ್ಟೇಜ್ 4, ಬೇರೆ ಕಡೆಗೆ ಹರಡಿಬಿಟ್ಟಿತ್ತು. 2022ರ ಏಪ್ರಿಲ್‌ನಲ್ಲಿ ತೀರಿಹೋದರು. ಜೂನ್ 7ಕ್ಕೆ ಬೈಡನ್ ಸಹಿ ಹಾಕಿದರು. ಎರಡೇ ತಿಂಗಳು! ಅವರಿಗೆ ಸಿಗದ ಅವಕಾಶವನ್ನು ನೀವು "ಸುಮ್ನೆ ಓಡೋದು" ಅಂದರೆ ಹೊಟ್ಟೆ ಉರಿಯುತ್ತೆ.

ಮಿಷಿಗನ್ ನೇವಿ:
ಸುಮ್ನೆ ಅಂತ ನಾನು ಬರೆದಿಲ್ಲ. ಮೇಲೆ ಹೋಗಿ ಓದಿ. ನಿಮಗೆ ಹೊಟ್ಟೆ ಉರಿದರೆ ನನಗೂ ಉರಿಯುತ್ತೆ. ಬದುಕಿದವರ ಮಾತು ಮಾತ್ರ ಕೇಳಿಸುತ್ತೆ ಇಲ್ಲಿ.

ಕೊಡಗಿನ ಸುಬೇದಾರ್, ನಿವೃತ್ತ:
ನನ್ನ ಹೆಂಡತಿಗೆ 2019ರಲ್ಲಿ ಗಂಟು ಸಿಕ್ಕಿತು. ಇಸಿಎಚ್‌ಎಸ್ (ಭಾರತದ ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ತೋರಿಸಿದೆವು, ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆದರು, ಮೈಸೂರಿನಲ್ಲಿ ಆಪರೇಷನ್, ಆರು ಕೀಮೋ. ಆಸ್ಪತ್ರೆಗೆ ನಮ್ಮ ಕೈಯಿಂದ ಒಂದು ರೂಪಾಯಿ ಇಲ್ಲ. ಮೈಸೂರಿನ ರೂಮ್ ಬಾಡಿಗೆ, ಕಾರು, ಎಳನೀರು ಸೇರಿ 61,400 ಆಯಿತು, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. 2003ರಿಂದ ನಮಗೆ ಈ ವ್ಯವಸ್ಥೆ ಇದೆ. ನಿಮ್ಮ ಮಕ್ಕಳು ನಮ್ಮ ಸೈನ್ಯ ಸೇರಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ.

ಡಲ್ಲಾಸ್ ಅಮ್ಮ:
ಸುಬೇದಾರ್ ಸರ್, ನಿಮ್ಮ ಮನೆಯವರು ಚೆನ್ನಾಗಿರಲಿ. ಆದರೆ ನನ್ನ ಮಗಳು ಹುಟ್ಟಿದ್ದೇ ಇಲ್ಲಿ. ಅವಳ ದೇಶಕ್ಕೆ ಅವಳು ಹೋದಳು.

ಹಾಸನದ ಹುಡುಗಿ, ವರ್ಜೀನಿಯಾ:
ಅಂಕಲ್, ನಿಮ್ಮಲ್ಲಿ ಗಂಟು ಸಿಕ್ಕಿದ ಮೇಲೆ ಹೋಗಿದ್ದು. ಇಲ್ಲಿ ಮಾತು ನಡೆಯುತ್ತಿರುವುದು ಗಂಟು ಸಿಗುವ ಮೊದಲಿನದು.

ಕೊಡಗಿನ ಸುಬೇದಾರ್, ನಿವೃತ್ತ:
28 ವರ್ಷ ಸೇವೆ ಮಾಡಿದವನಿಗೆ ಮೊದಲು, ಆಮೇಲೆ ಅಂತ ಹೇಳಿಕೊಡಬೇಡಮ್ಮ. ಅವಳ ತಲೆಕೂದಲು ಉದುರಿದಾಗ ಬಾಚಣಿಗೆ ಎತ್ತಿಟ್ಟವನು ನಾನು.

ಮಿಷಿಗನ್ ನೇವಿ:
ಸರ್ ಹೇಳಿದ್ದರಲ್ಲಿ ಏನು ತಪ್ಪು? ಎಲ್ಲರ ಮೇಲೂ ಹರಿಹಾಯುವುದು ಸಾಕು.

ಹಾಸನದ ಹುಡುಗಿ, ವರ್ಜೀನಿಯಾ:
ಅಂಕಲ್, ಕ್ಷಮಿಸಿ. ನಿಮಗೆ ನೋವಾಗಲಿ ಅಂತ ಅಲ್ಲ. ಮಿಷಿಗನ್ ಅಕ್ಕ, ನಿಮ್ಮ ಮಗುವಿನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಆದರೂ ನನ್ನ ಮಾತು ಬದಲಾಗಲ್ಲ.

ಡಲ್ಲಾಸ್ ಅಮ್ಮ, ಮಗಳ ಡಿಡಿ-214 (ಸೈನ್ಯ ಬಿಡುವಾಗ ಕೊಡುವ ಸೇವಾ ದಾಖಲೆ) ಎಲ್ಲಿದೆ ಅಂತ ಇವತ್ತೇ ಕೇಳಿ. ಅದರಲ್ಲಿ ಕುವೈತ್ ನಮೂದಾಗಿದೆಯಾ ನೋಡಿ. ನನ್ನದರಲ್ಲಿ ಇರಾಕ್ ಬಿಟ್ಟುಹೋಗಿತ್ತು. ಸರಿಪಡಿಸಲು ನಾಲ್ಕು ತಿಂಗಳು ಹೋಯಿತು.