ಹಳೇ ಬೇಸ್ ಗಿಟಾರ್: ಮಾರೋದಾ, ಇಟ್ಟುಕೊಳ್ಳೋದಾ?

ಪ್ರಶ್ನೆ: ಕಲಿಯೋಕೆ ಶುರು ಮಾಡಿದಾಗಿನಿಂದ ಒಂದೇ ನಾಲ್ಕು ತಂತಿಯ ಬೇಸ್ ಗಿಟಾರ್ ನನ್ನ ಜೊತೆಗಿದೆ. ಎಂದೂ ಕೈಕೊಟ್ಟಿಲ್ಲ. ಆದರೆ ಈಚೆಗೆ ಸದ್ದು ಮಂಕು ಅನ್ನಿಸುತ್ತಿದೆ, ಹೊಸದರ ಮೇಲೆ ಕಣ್ಣು ಬಿದ್ದಿದೆ. ಹಳೆಯದನ್ನೇ ಉಳಿಸಿಕೊಂಡವರು ಏನು ಹೇಳುತ್ತೀರಿ?

*

ಮಂಕು ಅನ್ನಿಸಿದ್ದು ಎಲ್ಲಿ? ಒಬ್ಬರೇ ಕೂತು ನುಡಿಸುವಾಗಲೋ, ಬ್ಯಾಂಡ್ ಜೊತೆಗೋ? ನಾನೂ ನನ್ನ ಹಳೇ ಪ್ಯಾಸಿವ್ (ಒಳಗೆ ಬ್ಯಾಟರಿ ಇಲ್ಲದ) ಬೇಸನ್ನು ಮನೆಯಲ್ಲಿ ಬೈದುಕೊಳ್ಳುತ್ತಿದ್ದೆ. ಒಮ್ಮೆ ರಿಹರ್ಸಲ್‌ನಲ್ಲಿ ಗೆಳೆಯನ ಹೊಸ ಆಕ್ಟಿವ್ (ಬ್ಯಾಟರಿ ಬಲದಿಂದ ಸದ್ದು ತಿದ್ದುವ) ಬೇಸ್ ಸಿಕ್ಕಿತು. ಒಂದೇ ಹಾಡನ್ನು ಎರಡರಲ್ಲೂ ರೆಕಾರ್ಡ್ ಮಾಡಿ ಕೇಳಿದೆವು. ಹೊಸದು ಒಂಟಿಯಾಗಿ ಕೇಳೋಕೆ ಬಹಳ ಚೆನ್ನ. ಹಾಡಿನೊಳಗೆ ಮಾತ್ರ ಅದರ ಕಿಣಿಕಿಣಿ ಸದ್ದು ಗಿಟಾರ್ ಜೊತೆ, ಸಿಂಬಲ್ ಜೊತೆ ಜಗಳಕ್ಕೆ ನಿಂತಿತ್ತು. ಹಳೆಯದು ಕಿಕ್ ಡ್ರಮ್ ಪಕ್ಕದಲ್ಲಿ ಗಟ್ಟಿಯಾಗಿ ಕೂತಿತ್ತು. ನಾನು ದೂರುತ್ತಿದ್ದ ಮಂಕೇ ಅಲ್ಲಿ ಕೆಲಸಕ್ಕೆ ಬಂತು.

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಗೊತ್ತಲ್ವಾ? ಅವರದು 1962ರ ಫೆಂಡರ್ ಪ್ರಿಸಿಷನ್ ಬೇಸ್, ಅದಕ್ಕೆ ಫ್ಲಾಟ್‌ವೌಂಡ್ ತಂತಿ, ಅಂದರೆ ಚಪ್ಪಟೆ ಎಳೆ ಸುತ್ತಿದ ನುಣುಪು ತಂತಿ. ತಂತಿ ತುಂಡಾದರೆ ಮಾತ್ರ ಬದಲಾಯಿಸುತ್ತಿದ್ದರಂತೆ. ಹಾಗಂತ ನೀವೂ ತಂತಿ ಬದಲಾಯಿಸಬೇಡಿ ಅಂತಲ್ಲ. ರೌಂಡ್‌ವೌಂಡ್ (ದುಂಡು ಎಳೆ ಸುತ್ತಿದ ತಂತಿ) ಹಾಕಿದ್ದರೆ ಬೆವರು, ಕೊಳೆ ಕೂತು ಸದ್ದು ಸತ್ತೇ ಹೋಗುತ್ತದೆ. ಮೊದಲು ಹೊಸ ತಂತಿ ಹಾಕಿ ಕೇಳಿ.

ಆಂಪ್ (ಆಂಪ್ಲಿಫೈಯರ್) ಮೇಲೂ ಸ್ವಲ್ಪ ಅನುಮಾನ ಇರಲಿ. ಎಲ್ಲಕ್ಕಿಂತ ದಪ್ಪದ ಇ ತಂತಿಯ ಸ್ವರ ಸುಮಾರು 41 ಹರ್ಟ್ಜ್, ಬಹಳ ತಗ್ಗು. ಪುಟ್ಟ ಸ್ಪೀಕರ್‌ನಿಂದ ಅದು ಸರಿಯಾಗಿ ಹೊರಡೋದೇ ಇಲ್ಲ. ಬೈಗುಳ ಮಾತ್ರ ಬೇಸ್‌ಗೆ!

*

ಸೆಟಪ್ (ನೆಕ್ ಅಂದರೆ ಬೇಸಿನ ಕೊರಳು, ತಂತಿ ಎಲ್ಲ ಹದಕ್ಕೆ ತರೋದು) ಮಾಡಿಸದೆ ಮಾರಬೇಡಿ. ಟ್ಯೂನ್ ಮಾಡಿ, ಇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೊನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇದ್ದರೆ ಸಾಕು. ಜಾಸ್ತಿ ಇದ್ದರೆ ನೆಕ್ ಬಾಗಿದೆ ಅಂತ. ಟ್ರಸ್ ರಾಡನ್ನು (ನೆಕ್ ಬಾಗು ಸರಿಪಡಿಸುವ ಒಳಗಿನ ಲೋಹದ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಮತ್ತೆ ಟ್ಯೂನ್ ಮಾಡಿ ನೋಡಿ. ಆಮೇಲೆ ಹನ್ನೆರಡನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿ ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ) ಮತ್ತು ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ಗೆ ಕೊಡಿ. ಒತ್ತಿದ್ದು ಶಾರ್ಪ್ (ಸ್ವಲ್ಪ ಏರು) ಬಂದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಣುಕು) ಹಿಂದಕ್ಕೆ ಸರಿಸಬೇಕು. ನಾಬ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

*

ನನ್ನದರಲ್ಲಿ ಜಿ ತಂತಿಯ ಐದನೇ ಫ್ರೆಟ್‌ನಲ್ಲಿ ಸ್ವರ ನಿಲ್ಲೋದೇ ಇಲ್ಲ, ಬೇಗ ಸತ್ತುಹೋಗುತ್ತದೆ. ಹಲವು ಬೇಸ್‌ಗಳಲ್ಲಿ ಆ ಜಾಗದ ಆಸುಪಾಸು ಹೀಗೇ. ನೆಕ್ಕೇ ಆ ಕಂಪನವನ್ನು ನುಂಗಿಬಿಡುತ್ತದೆ. ಉದ್ದಕ್ಕೆ ಎಳೆಯಬೇಕಾದಾಗ ಅದೇ ಸ್ವರವನ್ನು ಡಿ ತಂತಿಯ ಹತ್ತನೇ ಫ್ರೆಟ್‌ನಲ್ಲಿ ನುಡಿಸುತ್ತೇನೆ. ಅಲ್ಲಿ ಸದ್ದು ಇನ್ನೂ ದಪ್ಪ. ಈಗ ಬೇರೆ ಬೇಸ್ ಕೊಟ್ಟರೂ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.

*

ಎಲ್ಲರೂ ಇಟ್ಟುಕೊಳ್ಳಿ ಅಂತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನೆಕ್ ತಿರುಚಿಕೊಂಡಿದ್ದರೆ, ಟ್ರಸ್ ರಾಡ್ ಕೊನೇವರೆಗೂ ತಿರುಗಿ ನಿಂತಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ. ಹೆಗಲು ನೋವಿದ್ದರೂ ಅಷ್ಟೇ, ಭಾರ ಹೊತ್ತು ನಿಲ್ಲುವ ಹಟ ಯಾಕೆ? ನಾನು ಸ್ಟೇಜ್‌ಗೆ ಹಗುರವಾದ 30 ಇಂಚಿನ ಶಾರ್ಟ್ ಸ್ಕೇಲ್ (ತಂತಿಯ ಉದ್ದ ಕಮ್ಮಿ ಇರುವ) ಬೇಸ್ ತಗೊಂಡೆ. ಹಳೆಯ 34 ಇಂಚಿನದನ್ನು ಮಾರಲಿಲ್ಲ. ರೆಕಾರ್ಡಿಂಗ್‌ಗೆ ಕೂತೇ ನುಡಿಸಬಹುದಲ್ವಾ?